ಮಿಲಿಟರಿ ಜಾಗ ಪೇಟೆಗೆ ಸೇರಿದ್ರೆ ಅಲ್ಲಿ ಮನೆ ಇರುವವರಿಗೆ ಎಂತ ಆಗ್ತದೆ?

ಕಂಟೋನ್ಮೆಂಟ್‌ಗಳನ್ನೆಲ್ಲ (ಸೈನ್ಯದ ಜೊತೆ ಜನರೂ ವಾಸ ಇರುವ ಮಿಲಿಟರಿ ಜಾಗಗಳನ್ನ) ರದ್ದು ಮಾಡ್ತಾರಂತೆ, ಇನ್ನು ಅಲ್ಲಿನ ಜಾಗ ಎಲ್ಲ ಅಲ್ಲಿದ್ದವರಿಗೇ ಅಂತೆ ಅಂತ 2023ರಿಂದ ಒಂದು ಸುದ್ದಿ ಆಗಾಗ ಎದ್ದು ಬರ್ತಾ ಉಂಟು. ಕಾಸರಗೋಡಿನವರು ಇದನ್ನ ದೂರದ ಸುದ್ದಿ ಅಂತ ಬಿಡೋ ಹಾಗಿಲ್ಲ, ಯಾಕಂದ್ರೆ ಇಡೀ ಕೇರಳದಲ್ಲಿ ಇರೋದು ಒಂದೇ ಕಂಟೋನ್ಮೆಂಟ್, ಅದು ನಮ್ಮ ಪಕ್ಕದ ಕಣ್ಣೂರಿನಲ್ಲಿ, ಪೇಟೆಯ ಮಧ್ಯದಲ್ಲೇ. ಕೆಲಸ, ಮಕ್ಕಳ ಕಾಲೇಜು ಅಂತ ಕಣ್ಣೂರಿಗೆ ಹೋಗಿ ನೆಲೆಸಿದ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಕುಟುಂಬಗಳು ಉಂಟು, ಬೆಳಗಾವಿ, ಪುಣೆ, ದೇವಲಾಲಿಯಂಥ ಕಂಟೋನ್ಮೆಂಟ್ ಊರಿನಲ್ಲಿ ಇರುವವರೂ ಉಂಟು. ಅಂಥಲ್ಲಿ ಹಳೇ ಮಿಲಿಟರಿ ಜಾಗದಲ್ಲಿ ಮನೆಯೋ ಫ್ಲಾಟೋ ತಗೊಳ್ಳುವ ಮಾತು ಬಂದಾಗ ಈ ಸುದ್ದಿ ತಲೆ ಕೆಡಿಸ್ತದೆ.

ಗೊಂದಲಕ್ಕೆ ಕಾರಣ, ಮೂರು ಬೇರೆ ಬೇರೆ ವಿಷಯವನ್ನ ಒಂದೇ ಹೆಡ್ಡಿಂಗ್‌ನಲ್ಲಿ ತುರುಕಿ ಕೊಡ್ತಾರೆ. ರಸ್ತೆ ಗುಡಿಸಿ ತೆರಿಗೆ ವಸೂಲು ಮಾಡೋದು ಯಾರು ಅನ್ನೋದು ಒಂದು, ಮನೆ ನಿಂತ ಜಾಗ ಯಾರ ಹೆಸರಲ್ಲಿ ಉಂಟು ಅನ್ನೋದು ಇನ್ನೊಂದು, ಆ ಮಣ್ಣಿನ ಅಡಿಯಲ್ಲಿ ಎಂತ ಉಳಿದಿದೆ ಅನ್ನೋದು ಮತ್ತೊಂದು. ಮೊದಲನೇದು ಬದಲಾದ ಕೂಡಲೇ ಉಳಿದ ಎರಡೂ ತನ್ನಿಂದ ತಾನೇ ಸರಿಯಾಗ್ತದೆ ಅಂತ ಜನ ತಿಳ್ಕೊಳ್ತಾರೆ. ಆಗೋದಿಲ್ಲ.

ಸೈನ್ಯದ ಜಾಗದಲ್ಲಿ ಜನರ ಮನೆ ಹೇಗೆ ಬಂತು

ಬ್ರಿಟಿಷರು ಮೊದಲ ಕಂಟೋನ್ಮೆಂಟ್ ಮಾಡಿದ್ದು 1765ರಲ್ಲಿ, ಬಂಗಾಳದ ಬ್ಯಾರಕ್‌ಪುರದಲ್ಲಿ. ಸೈನ್ಯ ಒಂದು ಕಡೆ ಬೀಡು ಬಿಟ್ರೆ ಹಾಲು ಕೊಡುವವರು, ಬಟ್ಟೆ ಒಗೆಯುವವರು, ಹೊಲಿಯುವವರು, ದಿನಸಿ ಅಂಗಡಿಯವರು ಎಲ್ಲ ಬೇಕಾಗ್ತದೆ, ಹಾಗೆ ಪಕ್ಕದಲ್ಲಿ ಬಜಾರ್ ಹುಟ್ಟಿತು, ಬಜಾರಿನವರು ಅಲ್ಲೇ ಮನೆ ಕಟ್ಟಿದ್ರು, ಆಫೀಸರುಗಳಿಗೆ ಬಾಡಿಗೆ ಕೊಡ್ಲಿಕ್ಕೆ ದುಡ್ಡಿದ್ದವರು ದೊಡ್ಡ ಬಂಗಲೆ ಕಟ್ಟಿದ್ರು. ಕಣ್ಣೂರಿನಲ್ಲಿ ಪೋರ್ಚುಗೀಸರು 1505ರಲ್ಲಿ ಕಟ್ಟಿದ ಸೈಂಟ್ ಆಂಜೆಲೋ ಕೋಟೆ 1790ರಲ್ಲಿ ಬ್ರಿಟಿಷರ ಕೈಗೆ ಬಂತು, ಮುಂದೆ 1887ರ ತನಕ ಪಶ್ಚಿಮ ಕರಾವಳಿಯಲ್ಲಿ ಅವರ ಮುಖ್ಯ ಮಿಲಿಟರಿ ನೆಲೆ ಕಣ್ಣೂರೇ. ಕೋಟೆಯ ಸುತ್ತ ಈಗ ಕಾಣುವ ವಸತಿ, ಮಿಲಿಟರಿ ಕಟ್ಟಡ, ಮೈದಾನ ಎಲ್ಲ ಆ ಕಾಲದ ಮುಂದುವರಿಕೆ.

ಸ್ವಾತಂತ್ರ್ಯ ಬರುವಾಗ ದೇಶದಲ್ಲಿ 56 ಕಂಟೋನ್ಮೆಂಟ್ ಇತ್ತು, ನಂತರ 6 ಸೇರಿ 62 ಆಯ್ತು, ಕೊನೇದು 1962ರ ಅಜ್ಮೀರ್. ರಕ್ಷಣಾ ಇಲಾಖೆಯ ಹತ್ರ ಒಟ್ಟು ಸುಮಾರು 18 ಲಕ್ಷ ಎಕರೆ ಜಾಗ ಉಂಟು, ಅದರಲ್ಲಿ ಕಂಟೋನ್ಮೆಂಟ್ ಒಳಗೆ ಇರೋದು 1.61 ಲಕ್ಷ ಎಕರೆ ಮಾತ್ರ. ಆದರೆ ಜನವಸತಿ ಬೆರೆತಿರೋದು, ಜಗಳ ಜಾಸ್ತಿ ಇರೋದು ಈ ಸಣ್ಣ ಭಾಗದಲ್ಲೇ.

ಇಲ್ಲಿನ ಆಡಳಿತಕ್ಕೆ ಪಂಚಾಯತ್ ಇಲ್ಲ, ಮುನ್ಸಿಪಾಲಿಟಿಯೂ ಇಲ್ಲ, ಕಂಟೋನ್ಮೆಂಟ್ ಬೋರ್ಡ್. 2006ರ ಕಾಯ್ದೆ ಪ್ರಕಾರ ಸೇನೆಯ ಸ್ಟೇಷನ್ ಕಮಾಂಡರೇ ಅಧ್ಯಕ್ಷ, ಜನ ಆರಿಸಿದ ಮೆಂಬರುಗಳು ಅರ್ಧ. ಅರ್ಧ ಅಂತ ಹೇಳೋದು ಕಾಯ್ದೆಯಲ್ಲಿ. 57 ಬೋರ್ಡುಗಳಿಗೆ 2023ರ ಏಪ್ರಿಲ್ 30ಕ್ಕೆ ಎಲೆಕ್ಷನ್ ಅಂತ ಫೆಬ್ರವರಿಯಲ್ಲಿ ಆದೇಶ ಬಂತು, ಮಾರ್ಚ್‌ನಲ್ಲಿ ಅದನ್ನ ವಾಪಾಸ್ ತಗೊಂಡ್ರು. ಒಂದು ಕಡೆ ಬೋರ್ಡೇ ಹೋಗ್ತದೆ ಅಂತ ಸುದ್ದಿ, ಇನ್ನೊಂದು ಕಡೆ ಆರಿಸಿ ಬಂದವರು ಯಾರೂ ಇಲ್ಲ. ಅಲ್ಲಿನ ಜನರ ಸಿಟ್ಟಿಗೆ ಇದು ದೊಡ್ಡ ಕಾರಣ, ಮತ್ತೆ ಆ ಸಿಟ್ಟು ನ್ಯಾಯವಾದದ್ದೇ.

ಸರಕಾರ ನಿಜವಾಗಿ ಮಾಡ್ಲಿಕ್ಕೆ ಹೊರಟದ್ದು ಎಂತ

2023ರ ಏಪ್ರಿಲ್‌ನಲ್ಲಿ ಹಿಮಾಚಲದ ಯೋಲ್ ಕಂಟೋನ್ಮೆಂಟನ್ನ ರದ್ದು ಮಾಡಿದ್ರು. ಅಲ್ಲಿನ ಮಿಲಿಟರಿ ಭಾಗ ಮಿಲಿಟರಿ ಸ್ಟೇಷನ್ ಆಗಿ ಉಳಿಯೋದು, ಜನರು ಇರುವ ಭಾಗ ಸ್ಥಳೀಯ ಆಡಳಿತಕ್ಕೆ ಸೇರೋದು, ಇದು ಲೆಕ್ಕಾಚಾರ. 2024ರ ಮಾರ್ಚ್‌ನಲ್ಲಿ ದೇವಲಾಲಿ, ಡೆಹ್ರಾಡೂನ್, ಅಜ್ಮೀರ್, ಮಥುರಾ ಸೇರಿ 10 ಕಡೆಯ ಜನವಸತಿ ಭಾಗವನ್ನ ಹೊರಗೆ ತೆಗೆಯುವ ಕರಡು ಬಂತು. ಅದೇ ವರ್ಷ ಜೂನ್ ಕೊನೆಗೆ ಇದನ್ನೆಲ್ಲ ಹೇಗೆ ಮಾಡಬೇಕು ಅಂತ ಒಂದು ಮಾರ್ಗಸೂಚಿಯೂ ಆಯ್ತು.

ಆ ಮಾರ್ಗಸೂಚಿಯನ್ನ ನಿಧಾನಕ್ಕೆ ಓದಬೇಕು. ನೀರು, ಚರಂಡಿ, ರಸ್ತೆ, ದಾರಿದೀಪ, ಶಾಲೆ, ಆಸ್ಪತ್ರೆ ಹೀಗೆ ಜನರ ಸೌಲಭ್ಯಕ್ಕೆ ಅಂತ ಮಾಡಿದ ಆಸ್ತಿ ರಾಜ್ಯಕ್ಕೆ ಅಥವಾ ಅಲ್ಲಿನ ಮುನ್ಸಿಪಾಲಿಟಿಗೆ ಫ್ರೀಯಾಗಿ ಹೋಗ್ತದೆ. ಬೋರ್ಡಿನ ಆಸ್ತಿ, ಸಾಲ ಎರಡೂ ಅದರ ಹಿಂದೆಯೇ ಹೋಗ್ತದೆ. ಮುನ್ಸಿಪಾಲಿಟಿ ತನ್ನ ಕಾನೂನು, ತನ್ನ ತೆರಿಗೆ ಅಲ್ಲಿಗೂ ಹಾಕಬಹುದು. ಅದರ ಜೊತೆ ಇನ್ನೊಂದು ಸಾಲು ಉಂಟು: ಎಲ್ಲೆಲ್ಲಿ ಅನ್ವಯ ಆಗ್ತದೋ ಅಲ್ಲೆಲ್ಲ ಜಾಗದ ಮಾಲೀಕತ್ವ ಕೇಂದ್ರ ಸರಕಾರವೇ ಇಟ್ಕೊಳ್ತದೆ. ಹೆಡ್ಡಿಂಗ್‌ಗಳಲ್ಲಿ ಕಾಣದೇ ಹೋದದ್ದು ಈ ಸಾಲೇ, ಆದರೆ ಮನೆ ಇರುವವರಿಗೆ ಬೇರೆಲ್ಲದಕ್ಕಿಂತ ಮುಖ್ಯ ಇದು.

ಆಡಳಿತ ಬದಲಾದ್ರೆ ಆಧಾರ ಬದಲಾಗೋದಿಲ್ಲ

ಇದನ್ನ ಕಾಸರಗೋಡಿನವರಿಗೆ ಬೇರೆ ಯಾರೂ ಹೇಳಿ ಕೊಡ್ಬೇಕಾಗಿಲ್ಲ. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆ, ಕಲೆಕ್ಟರ್ ಮಂಗಳೂರಿನಲ್ಲಿ. ಆ ದಿನ ಕೇರಳಕ್ಕೆ ಸೇರಿದ್ವಿ, ಮಲಬಾರ್ ಜಿಲ್ಲೆ, 1957ರಿಂದ ಕಣ್ಣೂರು ಜಿಲ್ಲೆ, 1984ರ ಮೇ 24ಕ್ಕೆ ನಮ್ಮದೇ ಕಾಸರಗೋಡು ಜಿಲ್ಲೆ. ರಾಜ್ಯ ಬದಲಾಯ್ತು, ಆಫೀಸ್ ಭಾಷೆ ಬದಲಾಯ್ತು, ತೀರ್ವೆ ಕಟ್ಟುವ ಕಡೆ ಬದಲಾಯ್ತು, ಆದರೆ ಕನ್ನಡದಲ್ಲಿ ಬರೆದ ಹಳೇ ಆಧಾರ, ಅಂದ್ರೆ ಜಾಗದ ಪತ್ರ, ಇದ್ದವರ ಜಾಗ ಅವರದ್ದೇ ಆಗಿ ಉಳೀತು, ಗೇಣಿಗೆ ಇದ್ದವರು ಗೇಣಿಯವರಾಗಿಯೇ ಉಳಿದ್ರು. ಗಡಿ ಬದಲಾದ ಮಾತ್ರಕ್ಕೆ ಯಾರೂ ಜಾಗ ಕಳ್ಕೊಳ್ಳಲಿಲ್ಲ, ಯಾರಿಗೂ ಹೊಸದಾಗಿ ಸಿಗಲೂ ಇಲ್ಲ. ಗೇಣಿಯವರಿಗೆ ಜಾಗ ಸಿಕ್ಕಿದ್ದು ಬೇರೆಯೇ ಒಂದು ಕಾನೂನಿನಿಂದ, 1970ರ ಜನವರಿ 1ಕ್ಕೆ ಜಾರಿಗೆ ಬಂದ ಭೂಸುಧಾರಣೆಯಿಂದ.

ಕಂಟೋನ್ಮೆಂಟ್ ವಿಷಯದಲ್ಲೂ ಇದೇ ಲೆಕ್ಕ. ಕಣ್ಣೂರಿನ ಜನವಸತಿ ಭಾಗ ನಾಳೆ ಕಣ್ಣೂರು ಕಾರ್ಪೊರೇಶನ್‌ಗೆ ಸೇರಿತು ಅಂತ ಇಟ್ಕೊಳ್ಳಿ, ಕಸ ತೆಗೆಯುವ ಗಾಡಿ ಬದಲಾಗ್ತದೆ, ಮನೆ ತೆರಿಗೆಯ ರಶೀದಿ ಬದಲಾಗ್ತದೆ, ವಾರ್ಡ್ ಮೆಂಬರ್ ಬರ್ತಾರೆ, ಕೌನ್ಸಿಲ್‌ಗೆ ಓಟು ಹಾಕ್ಲಿಕ್ಕೆ ಆಗ್ತದೆ. ಮನೆ ಕೆಳಗಿನ ಜಾಗದ ಪ್ರಶ್ನೆ ಇದ್ದಲ್ಲೇ ಇರ್ತದೆ.

ಓಲ್ಡ್ ಗ್ರಾಂಟ್ ಅನ್ನುವ ದೊಡ್ಡ ಗಂಟು

ಕಂಟೋನ್ಮೆಂಟ್ ಒಳಗೆ ಎಲ್ಲ ಜಾಗವೂ ಒಂದೇ ಥರ ಅಲ್ಲ. ಜನರಲ್ ಲ್ಯಾಂಡ್ ರಿಜಿಸ್ಟರ್ ಅಂತ ಒಂದು ದಾಖಲೆ ಉಂಟು, ಅದರಲ್ಲಿ ಒಂದೊಂದು ಸರ್ವೆ ನಂಬರಿಗೂ ಒಂದು ಕ್ಲಾಸ್ ಹಾಕಿರ್ತಾರೆ. ಸೈನ್ಯ ಈಗ ಬಳಸುವ ಜಾಗ ಎ-1, ಮುಂದೆ ಬೇಕಾಗಬಹುದು ಅಂತ ಕಾದಿಟ್ಟದ್ದು ಎ-2, ಬೋರ್ಡಿನ ಕೈಯಲ್ಲಿ ಊರಿನ ಕೆಲಸಕ್ಕೆ ಇರೋದು ಸಿ. ಜನರ ಮನೆ, ಬಂಗಲೆ ಬಹಳಷ್ಟು ಬರೋದು ಬಿ-3ರಲ್ಲಿ, ಅಂದ್ರೆ ಅನುಭವಿಸೋದು ಖಾಸಗಿಯವರು, ಮಾಲೀಕತ್ವ ಕೇಂದ್ರ ಸರಕಾರದ್ದು. ಇದರಲ್ಲೂ ಎರಡು ಬಗೆ, ಲೀಸ್ ಮತ್ತು ಓಲ್ಡ್ ಗ್ರಾಂಟ್. ಇವೆರಡೂ ಅಲ್ಲದ ನಿಜವಾದ ಖಾಸಗಿ ಜಾಗವೂ ಅಲ್ಲಲ್ಲಿ ಉಂಟು, ಅದಕ್ಕೆ ಈ ತಲೆಬಿಸಿ ಇಲ್ಲ.

ಓಲ್ಡ್ ಗ್ರಾಂಟ್ ಬಂದದ್ದು ಕಂಪೆನಿ ಆಡಳಿತದ ಕಾಲದಲ್ಲಿ. ಬಂಗಾಳದಲ್ಲಿ 1836ರ ಒಂದು ಆರ್ಡರ್ ಇದಕ್ಕೆ ಬುಡ, ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳಿಗೆ ಅವುಗಳದ್ದೇ ನಿಯಮ ಇತ್ತು. ಷರತ್ತು ಹೀಗೆ: ಜಾಗ ಸರಕಾರದ್ದು, ಅದರ ಮೇಲೆ ನೀವು ಕಟ್ಟಿದ ಕಟ್ಟಡ ಮಾತ್ರ ನಿಮ್ಮದು, ಸರಕಾರಕ್ಕೆ ಬೇಕಾದ್ರೆ ಒಂದು ತಿಂಗಳ ನೋಟೀಸ್ ಕೊಟ್ಟು ಕಟ್ಟಡದ ಬೆಲೆ ಕೊಟ್ಟು ವಾಪಾಸ್ ತಗೊಳ್ಳಬಹುದು. ಪರ್ಮಿಷನ್ ಇಲ್ಲದೆ ಮಾರುವ ಹಾಗಿಲ್ಲ, ಪಾಲು ಮಾಡುವ ಹಾಗಿಲ್ಲ, ವಾಸದ ಬಂಗಲೆಯನ್ನ ಹೋಟೆಲೋ ಅಂಗಡಿಯೋ ಮಾಡುವ ಹಾಗಿಲ್ಲ.

ಇದು ನಮ್ಮ ಕಡೆಯ ಚಾಲಗೇಣಿ ಇದ್ದ ಹಾಗೆ. ಹೊಂಡ ತೋಡಿ ಅಡಿಕೆ ಗಿಡ ನೆಟ್ಟು ನೀರು ಹಾಕಿದವರು ಒಬ್ಬರು, ಜಾಗ ಧಣಿಗಳದ್ದು, ಏಳು ಅಂದ್ರೆ ಏಳಬೇಕಿತ್ತು. ವ್ಯತ್ಯಾಸ ಎಂತ ಅಂದ್ರೆ ಚಾಲಗೇಣಿಯವರನ್ನ ಭೂಸುಧಾರಣೆ ಕಾನೂನು ಮಾಲೀಕರನ್ನಾಗಿ ಮಾಡಿತು, ಆ ಕಾನೂನು ಸರಕಾರದ ಜಾಗಕ್ಕೆ ತಾಗೋದಿಲ್ಲ ಅಂತ ಅದರಲ್ಲೇ ಬರೆದದ್ದು ಉಂಟು. ಹಾಗಾಗಿ ಖಾಸಗಿ ಧಣಿಯ ಜಾಗದಲ್ಲಿ ಇದ್ದವರು ಹಕ್ಕುದಾರರಾದ್ರು, ಸರಕಾರವೇ ಧಣಿ ಆಗಿದ್ದಲ್ಲಿ ನಾಲ್ಕೈದು ತಲೆಮಾರು ಕಳೆದ್ರೂ ಜನ ಅನುಭೋಗದಾರರಾಗಿಯೇ ಉಳಿದ್ರು.

ಕೋರ್ಟು ಸಹ ಇದನ್ನ ಸಡಿಲ ಮಾಡ್ಲಿಲ್ಲ. ಮಧ್ಯಪ್ರದೇಶದ ಸಾಗರ್ ಕಂಟೋನ್ಮೆಂಟಿನ ಒಂದು ಬಂಗಲೆ ಕೇಸಿನಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ಆ ಜಾಗ ಓಲ್ಡ್ ಗ್ರಾಂಟ್ ಅಂತ ಒಪ್ಪಿ ಲ್ಯಾಂಡ್ ರಿಜಿಸ್ಟರಿನ ದಾಖಲೆಗೆ ಬೆಲೆ ಕೊಟ್ಟಿತು. ಅಂದ್ರೆ ಕೈಯಿಂದ ಕೈಗೆ ಮಾರಾಟ ಆಗಿ ಆಧಾರ ರಿಜಿಸ್ಟ್ರಿ ಆಗಿದ್ರೂ ಮಾರಿದವರ ಹತ್ರ ಇಲ್ಲದ ಹಕ್ಕು ತಗೊಂಡವರಿಗೆ ಬರೋದಿಲ್ಲ. ಬ್ಯಾಂಕಿನವರು ಇಂಥ ಜಾಗಕ್ಕೆ ಲೋನ್ ಕೊಡ್ಲಿಕ್ಕೆ ಹಿಂದೆ ಮುಂದೆ ನೋಡೋದು ಇದಕ್ಕೇ.

ಯಾರ ವಾದ ಎಂತ

ರಕ್ಷಣಾ ಇಲಾಖೆಯ ಕಡೆಯಿಂದ ನೋಡಿದ್ರೆ, ಸೈನ್ಯದ ದುಡ್ಡು ಚರಂಡಿ ರಿಪೇರಿಗೆ, ಪ್ರೈಮರಿ ಶಾಲೆಗೆ ಯಾಕೆ ಹೋಗಬೇಕು, ಅದನ್ನ ಮಾಡ್ಲಿಕ್ಕೆ ಮುನ್ಸಿಪಾಲಿಟಿ ಉಂಟಲ್ಲ ಅಂತ. ಆದರೆ ಜಾಗ ಬಿಟ್ಟು ಕೊಟ್ರೆ ನಾಳೆ ಬೇಕಾದಾಗ ಪೇಟೆ ಮಧ್ಯದಲ್ಲಿ ಒಂದು ಸೆಂಟ್ಸ್ ಸಿಗೋದಿಲ್ಲ, ಸ್ಟೇಷನ್ ಗೋಡೆ ಪಕ್ಕ ಯಾರು ಬಂದು ಕೂರ್ತಾರೆ ಅನ್ನೋದೂ ಗೊತ್ತಾಗೋದಿಲ್ಲ. ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಸೈನ್ಯಕ್ಕೆ ಹೊಸದಾಗಿ ಜಾಗ ತಗೊಳ್ಳೋದು ಎಷ್ಟು ಕಷ್ಟ, ಅದರಲ್ಲಿ ಎಷ್ಟು ಕುಟುಂಬ ಎದ್ದು ಹೋಗಬೇಕಾಗ್ತದೆ ಅಂತ ಏಳಿಮಲೆ ನೇವಲ್ ಅಕಾಡೆಮಿಯ ಕಾಲದಲ್ಲಿ ನಮ್ಮ ಜಿಲ್ಲೆಯ ತೆಂಕು ಗಡಿಯಲ್ಲೇ ಕಂಡದ್ದುಂಟು.

ಅಲ್ಲಿ ವಾಸ ಇರುವವರ ಬೇಡಿಕೆ ಫ್ರೀಹೋಲ್ಡ್. ಒಂದು ಶುಲ್ಕ ಅಂತ ಮಾಡಿ, ಕಟ್ಟಿದವರಿಗೆ ಜಾಗ ಪೂರ್ತಿ ಕೊಡಿ ಅಂತ. ರಾಜ್ಯ ಸರಕಾರದ ಯೋಜನೆಗಳು ಮುನ್ಸಿಪಾಲಿಟಿ ಮೂಲಕ ಬರುವ ಕಾರಣ ಕಂಟೋನ್ಮೆಂಟಿನವರಿಗೆ ಎಷ್ಟೋ ಸೌಲಭ್ಯ ತಪ್ಪಿ ಹೋಗ್ತಿತ್ತು, ಆ ನಷ್ಟವನ್ನ ಯೋಲ್ ವಿಷಯದಲ್ಲಿ ಸರಕಾರವೂ ಒಪ್ಪಿದೆ. ಮುನ್ಸಿಪಾಲಿಟಿ, ಕಾರ್ಪೊರೇಶನ್‌ಗಳ ಚಿಂತೆ ಇನ್ನೊಂದು, ಸಂಬಳ, ಪಿಂಚಣಿ, ಹಳೇ ಪೈಪ್ ಲೈನ್ ಎಲ್ಲ ನಮ್ಮ ತಲೆಗೆ ಬಂದು ಜಾಗ ಮಾತ್ರ ಕೇಂದ್ರದ ಹತ್ರ ಉಳಿದ್ರೆ ಅದರಿಂದ ವರಮಾನ ಹೇಗೆ ಅಂತ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಬೋರ್ಡುಗಳ ಸ್ವಂತ ಆದಾಯ ಮೊದಲೇ ಇಳಿದಿತ್ತು.

ಇಲ್ಲಿ ಎಲ್ಲರಿಗೂ ಒಂದೇ ನ್ಯಾಯ ಹಾಕೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಎರಡು ಮೂರು ಎಕರೆಯ ಬಂಗಲೆ ಕಾಂಪೌಂಡು ಫ್ರೀಹೋಲ್ಡ್ ಆದ್ರೆ ಅದು ಮರುದಿನವೇ ಬಿಲ್ಡರ್ ಕೈಗೆ ಹೋಗ್ತದೆ, ಮರಗಳು ಹೋಗ್ತದೆ, ಲಾಭ ಒಂದೇ ಕುಟುಂಬಕ್ಕೆ. ಹಳೇ ಬಜಾರಿನಲ್ಲಿ ಮೂರು ನಾಲ್ಕು ಸೆಂಟ್ಸಿನಲ್ಲಿ ಹಂಚಿನ ಮನೆ ಇಟ್ಕೊಂಡು ತಲೆತಲಾಂತರದಿಂದ ಇದ್ದವರ ಕಥೆ ಹಾಗಲ್ಲ, ಸೋರುವ ಮಾಡು ತೆಗೆದು ಟೆರೇಸ್ ಹಾಕ್ಬೇಕಾದ್ರೂ ಅವರು ಪರ್ಮಿಷನ್‌ಗೆ ಅಲೆಯಬೇಕು. ಅವರ ಬೇಡಿಕೆಯನ್ನ ಬಂಗಲೆಯವರ ಬೇಡಿಕೆ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಿ ಇಡೋದರಿಂದಲೇ ಇದು ಇಷ್ಟು ವರ್ಷ ಎಳೆದದ್ದು.

ಬೇರೆ ಕಡೆ ಹೇಗೆ ಮಾಡಿದ್ರು

ಜರ್ಮನಿಯ ಫ್ರೈಬುರ್ಗ್ ಊರಿನಲ್ಲಿ ವೋಬಾನ್ ಅಂತ ಒಂದು ಬಡಾವಣೆ ಉಂಟು. ಮೊದಲು ಬ್ಯಾರಕ್, ಫ್ರೆಂಚ್ ಸೈನ್ಯ 1992ರಲ್ಲಿ ಬಿಟ್ಟು ಹೋಯ್ತು, ಸುಮಾರು 40 ಹೆಕ್ಟೇರ್. ನಗರಸಭೆ ಹೆಚ್ಚಿನ ಜಾಗವನ್ನ ಕೇಂದ್ರ ಸರಕಾರದಿಂದ ದುಡ್ಡು ಕೊಟ್ಟು ತಗೊಂಡಿತು, ರಸ್ತೆ, ಟ್ರಾಂ, ಶಾಲೆಗೆ ಪ್ಲಾನ್ ಹಾಕಿತು, ಆಮೇಲೆ ಸಣ್ಣ ಸಣ್ಣ ಪ್ಲಾಟ್ ಮಾಡಿ ಕುಟುಂಬಗಳು ಸೇರಿ ಮಾಡಿದ ಗುಂಪುಗಳಿಗೂ ಮಾರಿತು. ಈಗ ಐದು ಸಾವಿರದ ಮೇಲೆ ಜನ ಅಲ್ಲಿದ್ದಾರೆ, ಕಾರುಗಳನ್ನ ಬಡಾವಣೆ ಅಂಚಿನ ಗ್ಯಾರೇಜಿನಲ್ಲಿ ಬಿಟ್ಟು ಒಳಗೆ ನಡ್ಕೊಂಡು ಹೋಗ್ತಾರೆ. ಹಸಿರು ಬಡಾವಣೆ ಅಂತ ಎಲ್ಲರೂ ಹೊಗಳ್ತಾರೆ, ಆದರೆ ಅದಕ್ಕಿಂತ ಮೊದಲು ನಡೆದದ್ದು ನೋಡಬೇಕು: ಮೊದಲು ಮಾಲೀಕತ್ವ ಸ್ಪಷ್ಟ ಆಯ್ತು, ಮನೆ ಆಮೇಲೆ ಬಂತು. ನಮ್ಮಲ್ಲಿ ಮನೆ ಬಂದು ನೂರು ವರ್ಷ ಆಗಿದೆ, ಮಾಲೀಕತ್ವದ ಪ್ರಶ್ನೆ ಈಗಲೂ ಬಾಕಿ.

ಫಿಲಿಪ್ಪೀನ್ಸ್‌ನ ಕಥೆ ಆಡಳಿತ ಬದಲಾದಾಗ ಆಗುವ ಕಷ್ಟದ್ದು. ಮನಿಲಾ ಹತ್ರದ ಫೋರ್ಟ್ ಬೊನಿಫಾಸಿಯೋ ಅನ್ನುವ ಮಿಲಿಟರಿ ಜಾಗವನ್ನ 1992ರ ಒಂದು ಕಾನೂನಿನ ಪ್ರಕಾರ ಮಾರ್ಲಿಕ್ಕೆ ತೆಗೆದು ದೊಡ್ಡ ದೊಡ್ಡ ಟವರ್ ಬಂತು. ಅದರ ಪಕ್ಕ ಸಿಪಾಯಿಗಳ ವಸತಿಯಾಗಿ ಶುರುವಾದ 10 ವಾರ್ಡುಗಳು ಮಕಾಟಿ ನಗರದ್ದೋ ತಗಿಗ್ ನಗರದ್ದೋ ಅಂತ ವರ್ಷಗಟ್ಟಲೆ ಕೇಸು ನಡೆದು, ಸುಪ್ರೀಂ ಕೋರ್ಟ್ 2021ರಲ್ಲಿ ತಗಿಗ್‌ಗೆ ಕೊಟ್ಟಿತು, 2023ರಲ್ಲಿ ಅದು ಜಾರಿಗೆ ಬಂತು. ಮೂರು ಲಕ್ಷದಷ್ಟು ಜನ ಮನೆಯಲ್ಲೇ ಕೂತಿದ್ದ ಹಾಗೆ ಊರು ಬದಲಾಯಿಸಿದ್ರು, ಮಕಾಟಿ ಕೊಡ್ತಿದ್ದ ಹೆಲ್ತ್ ಕಾರ್ಡ್, ಮಕ್ಕಳ ಶಾಲೆಯ ಸೌಲಭ್ಯ ಎಲ್ಲದರ ಮೇಲೂ ಗೊಂದಲ. ನಮ್ಮಲ್ಲೂ ಕಂಟೋನ್ಮೆಂಟ್ ಆಸ್ಪತ್ರೆಗೆ, ಬೋರ್ಡ್ ಶಾಲೆಗೆ ಹೋಗುವವರು ಉಂಟು. ಕೈ ಬದಲಾಗುವ ಆ ಒಂದೆರಡು ವರ್ಷದಲ್ಲಿ ಡಾಕ್ಟರ್ ಯಾರು, ಟೀಚರ್ ಸಂಬಳ ಯಾರು ಕೊಡ್ತಾರೆ ಅನ್ನೋದನ್ನ ಮೊದಲೇ ಬರೆದು ಇಡದಿದ್ರೆ ಕಷ್ಟ ಬೀಳೋದು ಬಡವರಿಗೆ.

ಮನೆ ಹತ್ರದ ಉದಾಹರಣೆ ಬೆಂಗಳೂರು. 1809ರಲ್ಲಿ ಶುರುವಾದ ದಂಡು ಪ್ರದೇಶ 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ವಾಪಾಸ್ ಬಂದು 1949ರಲ್ಲಿ ಬೆಂಗಳೂರು ಕಾರ್ಪೊರೇಶನ್‌ನಲ್ಲಿ ಸೇರಿ ಹೋಯ್ತು. ಫ್ರೇಜರ್ ಟೌನ್, ಕುಕ್ ಟೌನ್‌ಗಳಲ್ಲಿ ಇವತ್ತು ಮನೆ ಮಾಡಿದವರು ಅದನ್ನ ಮಿಲಿಟರಿ ಜಾಗ ಅಂತ ನೆನೆಯೋದೂ ಇಲ್ಲ. ಸೈನ್ಯ ಮಾತ್ರ ತನಗೆ ಬೇಕಾದ ಜಾಗವನ್ನ ಆ ಪೇಟೆ ಮಧ್ಯದಲ್ಲೇ ಈಗಲೂ ಇಟ್ಕೊಂಡಿದೆ.

ಮಣ್ಣಿನ ಅಡಿಯಲ್ಲಿ

ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್ ನೇವಿ ಹಡಗುಕಟ್ಟೆಯಲ್ಲಿ 1946ರಿಂದ 1969ರ ತನಕ ವಿಕಿರಣದ ಲ್ಯಾಬ್ ಇತ್ತು, ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಯಲ್ಲಿ ಇದ್ದ ಹಡಗುಗಳನ್ನ ಅಲ್ಲಿ ತೊಳೆದಿದ್ರು. 1989ರಲ್ಲಿ ಅದನ್ನ ಅಮೆರಿಕದ ಅತಿ ಕಲುಷಿತ ಜಾಗಗಳ ಪಟ್ಟಿಗೆ ಸೇರಿಸಿದ್ರು. ಕ್ಲೀನ್ ಮಾಡಿ ಮನೆ ಕಟ್ಟುವ ಯೋಜನೆ ನಡೀತಿರುವಾಗ ಮಣ್ಣಿನ ಸ್ಯಾಂಪಲ್‌ಗಳನ್ನೇ ಬದಲಾಯಿಸಿದ್ದು ಹೊರಗೆ ಬಂತು, ಕಾಂಟ್ರಾಕ್ಟ್ ಕಂಪೆನಿಯ ಇಬ್ಬರು ಸೂಪರ್‌ವೈಸರುಗಳಿಗೆ 2018ರಲ್ಲಿ ಜೈಲು ಶಿಕ್ಷೆ ಆಯ್ತು. ಅಷ್ಟು ಹೊತ್ತಿಗೆ ಪಕ್ಕದ ಗುಡ್ಡದ ಮೇಲಿನ ಹೊಸ ಮನೆಗಳಲ್ಲಿ ಜನ ಬಂದು ಕೂತಾಗಿತ್ತು. ಟೆಸ್ಟ್ ಮಾಡುವವರ ಮೇಲೆ ಇನ್ನೊಬ್ಬರು ಕಣ್ಣಿಡದಿದ್ರೆ ಸರ್ಟಿಫಿಕೇಟ್ ಇದ್ದೂ ಪ್ರಯೋಜನ ಇಲ್ಲ.

ವಾಷಿಂಗ್ಟನ್‌ನ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ 1993ರಲ್ಲಿ ಕೆಲಸಕ್ಕೆ ಅಂತ ಅಗೆಯುವಾಗ ಮೊದಲ ಮಹಾಯುದ್ಧದ ಕಾಲದ ಶೆಲ್‌ಗಳು ಸಿಕ್ಕಿದ್ವು. ಅಷ್ಟೂ ವರ್ಷ ಜನ ಅದರ ಮೇಲೆ ಮನೆ ಮಾಡಿ ಇದ್ರು.

ಕಣ್ಣೂರಿನಂಥ ಕಡೆಯ ಹಳೇ ಬಜಾರ್ ಮನೆಗಳಿಗೆ ಇದನ್ನೆಲ್ಲ ಅನ್ವಯ ಮಾಡಿ ಹೆದರಬೇಕಾಗಿಲ್ಲ, ಅಲ್ಲಿ ಮೊದಲಿಂದಲೂ ಜನ ಇದ್ದಾರೆ, ಬಾವಿ ನೀರು ಕುಡಿದಿದ್ದಾರೆ. ಆದರೆ ಮದ್ದುಗುಂಡಿನ ಡಿಪೋ, ವಾಹನ ವರ್ಕ್‌ಶಾಪ್, ಫೈರಿಂಗ್ ರೇಂಜ್ ಇದ್ದ ಜಾಗ ಲೇಔಟ್ ಆಗ್ತದೆ ಅಂದ್ರೆ ಸೀಸ, ಎಣ್ಣೆ, ಸಿಡಿಯದೆ ಉಳಿದ ಗುಂಡು ಇದರ ಪರೀಕ್ಷೆ ಆಗಿದೆಯಾ ಅಂತ ಕೇಳಲೇ ಬೇಕು. ನಮ್ಮ ಕಡೆ ಮನೆ ಮನೆಗೂ ಬಾವಿ ಇರುವ ಕಾರಣ ನೀರಿನ ಟೆಸ್ಟ್ ಮೊದಲು ಆಗಬೇಕು.

ಗೋಡೆಯ ಆಚೆ ಮತ್ತೆ ಈಚೆ

ಸ್ವಂತ ಜಾಗ ಆಗಿದ್ರೂ ಮಿಲಿಟರಿ ಗೋಡೆಯ ಪಕ್ಕ ಇದ್ರೆ ಕಟ್ಟಡಕ್ಕೆ ತಡೆ ಬರಬಹುದು. 2011ರ ಸರ್ಕ್ಯುಲರಿನಲ್ಲಿ ಗೋಡೆಯಿಂದ 100 ಮೀಟರ್ ಒಳಗೆ ಕಟ್ಟಬೇಕಾದ್ರೆ ಸೇನೆಯ ಎನ್‌ಒಸಿ ಬೇಕು ಅಂತ ಆಯ್ತು, ಗಲಾಟೆ ಆದ ಮೇಲೆ 2016ರಲ್ಲಿ 193 ಸ್ಟೇಷನ್‌ಗಳಿಗೆ ಅದನ್ನ 10 ಮೀಟರಿಗೆ ಇಳಿಸಿದ್ರು, ಬೇರೆ ಕೆಲವು ಕಡೆ 100 ಮೀಟರೇ ಉಳೀತು. ಕಂಟೋನ್ಮೆಂಟ್ ಹೋಗಿ ಮಿಲಿಟರಿ ಸ್ಟೇಷನ್ ಆದ್ರೆ ಗೋಡೆ ಹೊಸದಾಗಿ ಎಲ್ಲಿ ಬರ್ತದೋ ಅಲ್ಲಿಂದ ಈ ಅಳತೆ ಶುರು. ನಿನ್ನೆ ತನಕ ನಡ್ಕೊಂಡು ಹೋಗ್ತಿದ್ದ ಒಳದಾರಿಗೆ ನಾಳೆ ಗೇಟ್ ಬೀಳುವ ಸಾಧ್ಯತೆಯೂ ಉಂಟು, ಸಿಕಂದರಾಬಾದಿನಲ್ಲಿ ರಸ್ತೆ ಬಂದ್ ಮಾಡಿದ ಜಗಳ ವರ್ಷಗಟ್ಟಲೆ ನಡೆದದ್ದೇ.

ತಗೊಳ್ಳುವ ಮೊದಲು

ನಮ್ಮಲ್ಲಿ ವಿಲ್ಲೇಜ್ ಆಫೀಸಿನ ತೀರ್ವೆ ರಶೀದಿ, ಹಿಂದಿನ ಆಧಾರ, ಕುಡಿಕಡ (ಸಾಲ, ಅಡವು ಉಂಟಾ ಅಂತ ತೋರಿಸುವ) ಸರ್ಟಿಫಿಕೇಟ್ ಇಷ್ಟು ನೋಡಿ ಜಾಗ ತಗೊಳ್ಳುವ ಅಭ್ಯಾಸ. ಹಳೇ ಮಿಲಿಟರಿ ಜಾಗಕ್ಕೆ ಇದು ಸಾಕಾಗೋದಿಲ್ಲ. ಜನರಲ್ ಲ್ಯಾಂಡ್ ರಿಜಿಸ್ಟರಿನ ನಕಲು ತೆಗೆಸಬೇಕು, ಜನವಸತಿ ಭಾಗದ್ದಾದ್ರೆ ಕಂಟೋನ್ಮೆಂಟ್ ಆಫೀಸಿನಲ್ಲಿ, ಅದರ ಹೊರಗಿನ ಬಂಗಲೆ ಜಾಗ ಆದ್ರೆ ರಕ್ಷಣಾ ಇಲಾಖೆಯ ಜಾಗ ನೋಡ್ಕೊಳ್ಳುವ ಡಿಫೆನ್ಸ್ ಎಸ್ಟೇಟ್ಸ್ ಆಫೀಸಿನಲ್ಲಿ. ಅದರಲ್ಲಿ ಕ್ಲಾಸ್ ಯಾವುದು, ಮಾಲೀಕರ ಕಾಲಮ್ಮಿನಲ್ಲಿ ಯಾರು, ಅನುಭೋಗದಾರರ ಕಾಲಮ್ಮಿನಲ್ಲಿ ಯಾರು ಅಂತ ಬೇರೆ ಬೇರೆಯಾಗಿ ಇರ್ತದೆ. ಮಾರುವವರ ಹೆಸರು ಎರಡನೇ ಕಾಲಮ್ಮಿನಲ್ಲಿ ಮಾತ್ರ ಇದ್ರೆ ನಿಮಗೆ ಸಿಗೋದು ಕಟ್ಟಡ, ಜಾಗ ಅಲ್ಲ, ಕೊಡುವ ರೇಟೂ ಅದೇ ಲೆಕ್ಕದಲ್ಲಿ ಇರಬೇಕು. ಸದ್ಯದಲ್ಲೇ ಕಾರ್ಪೊರೇಶನ್‌ಗೆ ಸೇರ್ತದೆ, ಆಗ ಎಲ್ಲ ಕ್ಲಿಯರ್ ಆಗ್ತದೆ ಅಂತ ಬ್ರೋಕರ್ ಹೇಳಿದ್ರೆ 2024ರ ಮಾರ್ಗಸೂಚಿಯ ಆ ಮಾಲೀಕತ್ವದ ಸಾಲನ್ನ ತೋರಿಸಿ.

ಲೀಸ್ ಜಾಗ ಆದ್ರೆ ಲೀಸ್ ಪತ್ರದ ತಾರೀಕು ನೋಡೋದು ಮರೆಯಬೇಡಿ. 1937ರ ನಿಯಮದ ಪ್ರಕಾರ ಕೊಟ್ಟ ಲೀಸ್‌ಗಳಲ್ಲಿ ತುಂಬ ಇರೋದು 30 ವರ್ಷಕ್ಕೊಮ್ಮೆ ರಿನ್ಯೂ ಆಗಿ ಹೆಚ್ಚಂದ್ರೆ 90 ವರ್ಷ ನಡೆಯುವಂಥದ್ದು. ಅಂದ್ರೆ 1938ರಲ್ಲಿ ಬರೆದ ಪತ್ರ 2028ಕ್ಕೆ ಮುಗೀತದೆ, 1940ರದ್ದು 2030ಕ್ಕೆ. ಅದನ್ನ ಮುಂದುವರಿಸ್ಲಿಕ್ಕೆ ಕಾರ್ಪೊರೇಶನ್‌ಗೆ ಅಧಿಕಾರ ಇಲ್ಲ, ವಾರ್ಡ್ ಮೆಂಬರಿಗೂ ಇಲ್ಲ, ಅರ್ಜಿ ಹೋಗಬೇಕಾದ್ದು ಈಗಲೂ ರಕ್ಷಣಾ ಇಲಾಖೆಗೇ.